ನಿನ್ನೆಗೆ ಬಿಟ್ಟ ಜಾಗ

ನಮ್ಮ ಊರಿನಲ್ಲಿ ಜಗಳಕ್ಕೆ ನಿಲ್ಲುವವರು ಎರಡು ದಿನಕ್ಕಾಗುವಷ್ಟು ಧೈರ್ಯ ಗಂಟು ಕಟ್ಟಿಕೊಂಡೇ ಬಾಯಿ ತೆಗೆಯುತ್ತಾರೆ. ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಆಡಿದವರು ಅಲ್ಲಿರಲಿ ಬಿಡಲಿ, ಇನ್ನೊಂದು ಸಲ ಕೇಳಿಸುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಅದಕ್ಕೆ ನಾವು ನಿನ್ನೆ ಎನ್ನುತ್ತೇವೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆ "ಹಿತ್ತಲಲ್ಲಿ ಯಾರೋ ಮಾತಾಡ್ತಿದಾರಲ್ಲ ಅತ್ತೆ" ಎಂದರೆ, ಅತ್ತೆ "ಯಾರೂ ಇಲ್ಲ ಕಣಮ್ಮ, ನಿನ್ನೆ" ಎಂದು ಸೊಪ್ಪು ಸೋಸುವುದನ್ನು ಮುಂದುವರಿಸುತ್ತಾಳೆ. ವಾರ ಕಳೆಯುವಷ್ಟರಲ್ಲಿ ಸೊಸೆಗೂ ಅಭ್ಯಾಸವಾಗುತ್ತದೆ.

ಮೇಷ್ಟ್ರುಗಳು ಒಂದು ದಿನ ಪಾಠ ಮಾಡಿ ಮರುದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ, ನಿನ್ನೆಯೇ ಪಾಠ ಮಾಡಿಕೊಳ್ಳುತ್ತದೆ. ಮದುವೆ ಮನೆಯವರು ಓಲಗದವರಿಗೆ ಒಂದೇ ದಿನಕ್ಕೆ ಹೇಳಿ, ಮರುದಿನ ಖಾಲಿ ಚಪ್ಪರದಲ್ಲಿ ನಿನ್ನೆಯ ಓಲಗಕ್ಕೇ ಬೀಗರೂಟ ಬಡಿಸುತ್ತಾರೆ. ಯಾರಾದರೂ ತೀರಿಕೊಂಡರೆ ಮಾರನೆಯ ದಿನ ಮನೆಯವರೆಲ್ಲ ಆ ಕೋಣೆಯಲ್ಲಿ ಸದ್ದಿಲ್ಲದೆ ಕೂತು, ಆ ಜೀವ ಕೊನೆಯ ಸಲ ನೀರು ಕೇಳಿದ್ದನ್ನೂ ಗೊಣಗಿದ್ದನ್ನೂ ಕೇಳಿಸಿಕೊಂಡು ಆಮೇಲೆ ಏಳುತ್ತಾರೆ. ನಮ್ಮಜ್ಜಿಯ ನಿನ್ನೆಗೆ ಕೂತಾಗ ಅವಳು ಕೊನೆಗೆ ಹೇಳಿದ್ದು "ಹಾಲು ಉಕ್ತಾ ಇದೆ ನೋಡ್ರೇ" ಎಂದು. ನಮ್ಮವ್ವ ಅಳುತ್ತಲೇ ಎದ್ದು ಅಡುಗೆಮನೆಗೆ ಹೋಗಿ ನೋಡಿಕೊಂಡು ಬಂದಳು.

ಹೀಗೆ ಬದುಕುವವರಿಗೆ ಎರಡು ಕಟ್ಟಳೆಗಳಿವೆ. ಒಂದು, ನಿನ್ನೆಗೆ ಉತ್ತರ ಕೊಡಬಾರದು. ಅದು ಆಗಿಹೋದ ಮಾತು, ಅದರ ಪಾಡಿಗೆ ಅದು ಬಂದು ಹೋಗಬೇಕು. ಇನ್ನೊಂದು, "ಏನಂದೆ?" ಎಂದು ಯಾರನ್ನೂ ಕೇಳಬಾರದು. ಅರ್ಥವಾಗದಿದ್ದರೆ ನಾಳೆ ಅದೇ ಹೊತ್ತಿಗೆ ಬಂದು ಸರಿಯಾಗಿ ಕೇಳಿಸಿಕೊಳ್ಳಬೇಕು. ನಾಳೆಯ ತನಕ ತಾಳದೆ ಕೇಳಿದರೆ, ನಿನ್ನ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಹಾಗೆ ಕೇಳಿ ಮುರಿದುಹೋದ ನಿಶ್ಚಿತಾರ್ಥ ನಮ್ಮ ಬೀದಿಯಲ್ಲೇ ಒಂದಿದೆ. ಹುಡುಗ ಕೇಳಿದ್ದು ಅಷ್ಟೇ, "ಏನಂದ್ರಿ?" ಅಂತ.

ನನ್ನ ಹೆಸರು ಸಾಕಮ್ಮ. ಸಾಲಾಗಿ ಹೆಣ್ಣಾದ ಮನೆಯಲ್ಲಿ ಕೊನೆಯವಳಿಗೆ ಯಾಕೆ ಈ ಹೆಸರು ಇಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಸಾಕು ಎಂದೇ ಕರೆಯುತ್ತಾರೆ. ಸಾಲದ್ದಕ್ಕೆ ನಮ್ಮವ್ವ ನಡೆಸುವುದು ಊಟದ ಮೆಸ್ಸು. ಪಂಕ್ತಿಯಲ್ಲಿ ಸಾರು ಬಡಿಸುತ್ತ ಹೋದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಒಬ್ಬೊಬ್ಬರೂ "ಸಾಕು, ಸಾಕು" ಎನ್ನುತ್ತಿದ್ದರು. ಚಿಕ್ಕವಳಾಗಿದ್ದ ನಾನು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ. ಊರಿಗೆ ಊರೇ ನನ್ನನ್ನು ಕರೆಯುತ್ತಿದೆ ಎಂದುಕೊಂಡು ಬೆಳೆದವಳಿಗೆ ಅಂಜಿಕೆ ಎಲ್ಲಿಂದ ಬರಬೇಕು? ಮುಂದೆ ಮೆಸ್ಸಿನ ಕೊಳದಪ್ಪಲೆ, ಸೌಟು, ಎಣ್ಣೆ ಡಬ್ಬ ಎಲ್ಲದರ ಮೇಲೂ ಕೈಯಾಡಿಸಲು ಶುರು ಮಾಡಿದಾಗ ಅವ್ವ ಒಳಗಿನಿಂದ "ಸಾಕೂ" ಎಂದು ಕೂಗುತ್ತಿದ್ದಳು. ನಿಲ್ಲಿಸು ಎಂದಳೋ, ನನ್ನನ್ನು ಕರೆದಳೋ? ನನಗೆ ಅನುಕೂಲವಾದ ಅರ್ಥ ಹಿಡಿದು ಇನ್ನಷ್ಟು ಬಾರಿಸುತ್ತಿದ್ದೆ.

ನಾನು ಚೆನ್ನಾಗಿ ಬಾರಿಸುತ್ತೇನೆ. ಇದನ್ನು ವಿನಯಕ್ಕಾಗಿ ಮುಚ್ಚಿಟ್ಟು ಹೇಳುವುದರಲ್ಲಿ ಹುರುಳಿಲ್ಲ. ನಮ್ಮೂರಿನಲ್ಲಿ ಸುಳ್ಳು ವಿನಯವೂ ಎರಡು ಸಲ ಕೇಳಿಸುತ್ತದೆ, ಎರಡನೆಯ ಸಲ ಅದನ್ನು ತಡೆದುಕೊಳ್ಳುವುದು ಕಷ್ಟ.

ನಮ್ಮ ಬ್ಯಾಂಡಿನಲ್ಲಿ ಮೂವರು. ಹಾಡುವುದು, ಗಿಟಾರ್ ನುಡಿಸುವುದು, ಹಾಡು ಕಟ್ಟುವುದು ಚಂಪಕಾ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ನಾನು ಬೆಂಚಿನ ಮೇಲೆ ಬಾರಿಸಿದ್ದಕ್ಕೆ ನನ್ನ ಜೊತೆ ಹೊರಗೆ ನಿಂತವಳು. ಬೇಸ್ ಗಿಟಾರ್ ಶಬ್ಬೀರನದು. ಹಗಲು ಅಪ್ಪನ ಅಂಗಡಿಯಲ್ಲಿ ಟ್ಯೂಬು ಪಂಕ್ಚರ್ ಹಾಕುತ್ತಾನೆ, ಮಾತು ಕಡಿಮೆ. ಡ್ರಮ್ಸ್ ನನ್ನದು. ಬ್ಯಾಂಡಿನ ಹೆಸರು 'ನಿನ್ನೆ ಬಾ'. ಬೇರೆ ಊರುಗಳಲ್ಲಿ ದೆವ್ವ ಬರದಿರಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಂತೆ. ನಾವು ಬರಲಿ ಎಂದೇ ಬರೆದವರು.

ಹಳೆಯ ಐಸ್ ಫ್ಯಾಕ್ಟರಿ ನಮ್ಮ ಜಾಗ. ಮೀನು ಲಾರಿಗಳು ಈ ದಾರಿ ಬಿಟ್ಟ ಮೇಲೆ ಅದು ಮುಚ್ಚಿ, ದಪ್ಪ ಗೋಡೆ ಮಾತ್ರ ಉಳಿದಿತ್ತು. ದಿನವೂ ಸಂಜೆ ಒಂದೇ ಹೊತ್ತಿಗೆ ಹೋಗುತ್ತಿದ್ದೆವು, ನಿನ್ನೆ ನುಡಿಸಿದ್ದೆಲ್ಲ ಅದೇ ಹೊತ್ತಿಗೆ ಬಂದು ನಮ್ಮ ಮೇಲೆ ಬೀಳುತ್ತಿತ್ತು. ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ನಾನು ಬೇಸತ್ತು, ನಿನ್ನೆಯ ಪೆಟ್ಟು ಬೀಳುವ ಕಡೆ ಕೈ ಎತ್ತಿ, ಅದು ಖಾಲಿ ಬಿಟ್ಟ ಕಡೆ ಮಾತ್ರ ಬಾರಿಸಿದೆ. ಚಂಪಕಾ ಗಿಟಾರ್ ನಿಲ್ಲಿಸಿ ನನ್ನನ್ನೇ ನೋಡಿದಳು. ಅವತ್ತಿನಿಂದ ನಾವು ಹಾಗೆಯೇ ನುಡಿಸುತ್ತಿದ್ದೇವೆ. ಇವತ್ತು ಅರ್ಧ ಪೆಟ್ಟು ನಾನು ಹಾಕುತ್ತೇನೆ, ಉಳಿದರ್ಧ ನಿನ್ನೆ ಹಾಕುತ್ತದೆ. ನಾಳೆ ಅದು ನನ್ನ ಇವತ್ತಿನ ಅರ್ಧ ತರುತ್ತದೆ, ನಾನು ಇನ್ನೊಂದರ್ಧ ಕೊಡುತ್ತೇನೆ. ಚಂಪಕಾ ಒಂದು ಸಾಲು ಹಾಡಿ ಮುಂದಿನ ಸಾಲು ನಿನ್ನೆಗೆ ಬಿಡುತ್ತಾಳೆ. ಮೂವರು ನುಡಿಸಿದರೆ ಆರು ಜನ ನುಡಿಸಿದಂತೆ. ನಮ್ಮಲ್ಲಿ ಒಂದೇ ಒಂದು ಸೂಚನೆ, ಡ್ರಮ್ಸ್ ಶುರುವಾಗಬೇಕಾದ ಕಡೆ ಚಂಪಕಾ ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಾಳೆ, ನಾನು ಕೋಲು ಎತ್ತುತ್ತೇನೆ.

ಊರಿನ ಹಿರಿಯರಿಗೆ ಇದು ಸರಿಬರಲಿಲ್ಲ. ನಿನ್ನೆಗೆ ಜೊತೆ ನುಡಿಸುವುದು ಎಂದರೆ ನಿನ್ನೆಗೆ ಉತ್ತರ ಕೊಟ್ಟ ಹಾಗೇ ಎಂದು ಬಸ್ ಏಜೆಂಟ್ ಮುದ್ದಪ್ಪನವರು ಮೆಸ್ಸಿಗೆ ಬಂದು, ಎಲೆಯ ಮುಂದೆ ಕೂತು, ಅವ್ವನಿಗೆ ಹೇಳಿದರು. ಆಡಿದ್ದು ಊಟದ ಹೊತ್ತಿನಲ್ಲಿ, ಹಾಗಾಗಿ ಮರುದಿನದ ಪಂಕ್ತಿಯೂ ಅದನ್ನು ಕೇಳಿಸಿಕೊಂಡೇ ಉಂಡಿತು. ಅವ್ವನಿಗೆ ಅವಮಾನವಾಯಿತು. "ನೀನ್ ಏನಾದ್ರೂ ಮಾಡ್ಕೋ ಸಾಕು. ನಿನ್ನೆಗೆ ಓಗೊಡೋ ಜಾಗಕ್ಕೆ ನಾನ್ ಮಾತ್ರ ಕಾಲಿಡಲ್ಲ" ಎಂದಳು. ಇಡಲಿಲ್ಲ ಕೂಡ. ಊರೆಲ್ಲ ಬಂದು ಕೇಳಿದರೂ ಅವಳು ಬರಲಿಲ್ಲ. ಕಾಫಿ ಮಾತ್ರ ಫ್ಲಾಸ್ಕಿನಲ್ಲಿ ತುಂಬಿ ಕೊಡುತ್ತಿದ್ದಳು, ಮೂವರಿಗಾಗುವಷ್ಟು.

ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ನಾವು ಎರಡು ದಿನ ಸಾಲಾಗಿ ನುಡಿಸಿದ್ದೆವು. ಎರಡನೆಯ ದಿನ ಜನರ ನಡುವೆ ಪ್ರಭಂಜನ ಎನ್ನುವವರು ನಿಂತಿದ್ದರು. ನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡವರು, ಹೊಸ ಬ್ಯಾಂಡುಗಳ ಹಾಡು ಹೊರತರುವವರು, ಕಾರು ಕೆಟ್ಟು ನಮ್ಮೂರಿನಲ್ಲಿ ಸಿಕ್ಕಿಬಿದ್ದವರು. ಕಾರ್ಯಕ್ರಮ ಮುಗಿದದ್ದೇ ವೇದಿಕೆಯ ಹಿಂದೆ ಬಂದು, "ಉಳಿದವ್ರು ಎಲ್ಲಿ? ಇನ್ನೂ ಮೂರು ಜನ ನುಡಿಸ್ತಾ ಇದ್ರಲ್ಲ" ಎಂದು ಹುಡುಕಾಡಿದರು. "ಇಷ್ಟೇ ಜನ ಸಾರ್" ಎಂದ ಶಬ್ಬೀರ. ಹೊರಗಿನವರಿಗೆ ನಾವು ನಿನ್ನೆಯ ವಿಷಯ ಹೇಳುವುದಿಲ್ಲ. ಹೇಳಿದರೆ ನಂಬುವುದಿಲ್ಲ, ನಂಬಿದರೆ ಬಿಟ್ಟು ಹೋಗುವುದಿಲ್ಲ. ಅವರು ನಮ್ಮ ಮೂವರ ಕೈ ಕುಲುಕಿ, ನಿಮ್ಮ ಮೊದಲ ಆಲ್ಬಂ ನಾನು ಮಾಡುತ್ತೇನೆ, ನಗರಕ್ಕೆ ಬನ್ನಿ ಎಂದರು. ಚಂಪಕಾ ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮರುದಿನ ಅದೇ ದಾರಿಯಲ್ಲಿ ಹೋದಾಗ ನಮ್ಮಿಬ್ಬರ ನಗು ಕೇಳಿಸಿತು.

ನಗರದಲ್ಲಿ ಶಬ್ಬೀರನ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆವು. ಅಲ್ಲಿಯ ಜನ ಎಷ್ಟು ಸಲೀಸಾಗಿ ಬೈದಾಡುತ್ತಿದ್ದರು ಎಂದರೆ ನನಗೆ ಆಶ್ಚರ್ಯ. ಆಡಿದ ಮಾತು ಆಡಿದ ಕಡೆಯೇ ಸತ್ತುಹೋಗುತ್ತದೆ, ನಾಳೆ ಎದ್ದು ಬಂದು ಲೆಕ್ಕ ಕೇಳುವುದಿಲ್ಲ. ಸ್ಟುಡಿಯೋದೊಳಗೆ ಇನ್ನೂ ವಿಚಿತ್ರ. ಗೋಡೆಗೆಲ್ಲ ಮೆತ್ತೆ ಹೊಡೆದು, ಕೆಮ್ಮಿದರೆ ಕೆಮ್ಮು ಬಾಯಿಯ ಮುಂದೆಯೇ ಬಿದ್ದುಹೋಗುವಂತೆ ಮಾಡಿದ್ದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಮ್ಮ ಅತಿ ಒಳ್ಳೆಯ ಹಾಡನ್ನೇ ಮೊದಲು ನುಡಿಸಿದೆವು. ಮುಗಿದಾಗ ನನಗೆ ತೃಪ್ತಿಯಾಗಿತ್ತು. ಒಂದು ಪೆಟ್ಟೂ ತಪ್ಪಿರಲಿಲ್ಲ.

ಗಾಜಿನ ಆಚೆಯಿಂದ ಪ್ರಭಂಜನ ಕೇಳಿದರು, "ಯಾಕೆ ಮಧ್ಯೆ ಮಧ್ಯೆ ನಿಲ್ಲಿಸ್ತಾ ಇದೀರಿ?"

"ನಿಲ್ಲಿಸಿಲ್ವಲ್ಲ ಸಾರ್" ಎಂದೆ.

ಅವರು ಅದನ್ನೇ ತಿರುಗಿಸಿ ಕೇಳಿಸಿದರು. ಹಲ್ಲು ಬಿದ್ದ ಬಾಯಿಯಂತಿತ್ತು ನಮ್ಮ ಹಾಡು. ಚಂಪಕಾ ಒಂದು ಸಾಲು ಹಾಡಿ ಸುಮ್ಮನಿದ್ದಾಳೆ. ನಾನು ಎರಡು ಪೆಟ್ಟು ಹಾಕಿ ಯಾರೋ ಬರುತ್ತಾರೆ ಎಂದು ಕಾದಿದ್ದೇನೆ. ಯಾರೂ ಬಂದಿಲ್ಲ. ಅಲ್ಲಿ ನಿನ್ನೆ ಬರುವುದಿಲ್ಲ ಎಂದು ನಮಗೆ ಗೊತ್ತಿತ್ತು, ಬಸ್ಸಿನಲ್ಲಿ ಅದನ್ನೇ ಮಾತಾಡಿಕೊಂಡು ಬಂದಿದ್ದೆವು. ಆದರೂ ಅದಕ್ಕೆ ಜಾಗ ಬಿಟ್ಟುಕೊಂಡೇ ನುಡಿಸಿದ್ದೆವು, ಬಿಟ್ಟದ್ದು ನಮಗೇ ತಿಳಿದಿರಲಿಲ್ಲ.

ಚಂಪಕಾ ಬೇಗ ಸುಧಾರಿಸಿಕೊಂಡಳು. ಹಾಡುವವಳಿಗೆ ಸಾಲು ಗೊತ್ತು, ಬಿಟ್ಟ ಕಡೆ ಹಾಡಿದರಾಯಿತು. ಶಬ್ಬೀರನೂ ಹೇಗೋ ತೇಪೆ ಹಾಕಿಕೊಂಡ, ಅವನ ಕಸುಬೇ ಅದು. ನನ್ನ ಕೈ ಮಾತ್ರ ಕೇಳಲಿಲ್ಲ. ಎರಡೂ ಅರ್ಧವನ್ನು ಒಟ್ಟಿಗೆ ಬಾರಿಸು ಎಂದರೆ, ಪರರ ಎಲೆಗೆ ಕೈ ಹಾಕಿದಂತೆ ಹಿಂದಕ್ಕೆ ಬರುತ್ತಿತ್ತು. ಹಟಕ್ಕೆ ಬಿದ್ದು ಬಾರಿಸಿದೆ, ಎಡಗೈ ಬಲಗೈಗೆ ಡಿಕ್ಕಿ ಹೊಡೆದು ಕೋಲು ಹಾರಿ ಗಾಜಿಗೆ ಬಡಿಯಿತು. ಪ್ರಭಂಜನ ತಾಳ್ಮೆಯ ಮನುಷ್ಯ. ಹೆಡ್‌ಫೋನ್ ಕೊಟ್ಟು, ಅದರಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಬರುತ್ತದೆ, ಅದನ್ನು ಹಿಡಿದುಕೊಂಡು ಬಾರಿಸಿ ಎಂದರು. ಅದನ್ನು ಕೇಳಿದ್ದೇ ತಡ, ಪಾಪ ಯಾರದೋ ನಿನ್ನೆ ಎಂದುಕೊಂಡು ನನ್ನ ಕೈ ಅದಕ್ಕೂ ಜಾಗ ಬಿಟ್ಟಿತು. ಮೊದಲಿದ್ದ ತೂತುಗಳ ಜೊತೆಗೆ ಹೊಸ ತೂತುಗಳು ಸೇರಿದವು.

ಹಾಗೇ ಸಂಜೆಯಾಯಿತು. ಪ್ರಭಂಜನ ಒಳಗೆ ಬಂದು, ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತರು. "ಬೇಜಾರ್ ಮಾಡ್ಕೋಬೇಡಿ ಸಾಕಮ್ಮ. ನಮ್ಮಲ್ಲಿ ಒಬ್ರು ಡ್ರಮ್ಮರ್ ಇದಾರೆ. ನಾಡಿದ್ದು ಬಂದು ಎಲ್ಲಾ ಹಾಡಿಗೂ ಬಾರಿಸಿ ಕೊಡ್ತಾರೆ. ಸ್ಟೇಜ್ ಮೇಲೆ ನೀವೇ ಇರಿ, ಆಲ್ಬಮ್ಮಿಗೆ ಮಾತ್ರ ಅವ್ರು. ಹೊಸ ಬ್ಯಾಂಡು, ಮೊದಲನೇ ಆಲ್ಬಂ. ಅದು ಕೆಟ್ರೆ ಎರಡನೇದು ಇರಲ್ಲ."

ನನಗೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನಾನು ಕಾದದ್ದು ಚಂಪಕಾಳ ಮಾತಿಗೆ. ಅವಳು ನಮಗೆ ಬೆನ್ನು ಮಾಡಿ ಗಿಟಾರಿನ ತಂತಿ ತಿರುವುತ್ತಿದ್ದಳು. ಶಬ್ಬೀರ ತನ್ನ ಬೂಟು ನೋಡುತ್ತಿದ್ದ. ಇದು ನಮ್ಮ ಆಲ್ಬಂ, ನಾನಿಲ್ಲದೆ ಬೇಡ ಎಂದು ಅವಳು ಒಂದು ಮಾತು ಹೇಳಿದ್ದರೆ ಅದನ್ನು ತಿಂದುಕೊಂಡು ವರ್ಷಗಟ್ಟಲೆ ಬದುಕುತ್ತಿದ್ದೆ. ಅವಳು ಮೈಕಿನ ಹತ್ತಿರ ಹೋಗಿ, ತಿರುಗಿ ನೋಡದೆ, ಒಂದೇ ಮಾತು ಹೇಳಿದಳು.

"ಸಾಕು."

ಇಷ್ಟು ವರ್ಷ ಆ ಸದ್ದಿಗೆ ಕೋಲು ಎತ್ತಿದವಳು ನಾನು, ಅವತ್ತು ಕೋಲು ಕೆಳಗಿಟ್ಟು ಚಪ್ಪಲಿ ಹಾಕಿಕೊಂಡೆ. ಬಾಗಿಲು ತಳ್ಳಿಕೊಂಡು ಹೊರಗೆ ನಡೆದೆ. ಆ ಬಾಗಿಲಿಗೂ ಮೆತ್ತೆ ಹೊಡೆದಿದ್ದರು, ಧಡಾರೆಂದು ಹಾಕೋಣವೆಂದರೆ ಅದೂ ಆಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ "ಏನಂದೆ?" ಎಂದು ಕೇಳಿ ಅಲ್ಲಿಗೇ ಮುಗಿಸುತ್ತಿದ್ದರು. ನಾನು ಕೇಳಲಿಲ್ಲ, ನಮ್ಮಲ್ಲಿ ಕೇಳುವುದಿಲ್ಲ. ಅವಳೂ ಚಿಕ್ಕಮ್ಮನ ಮನೆಗೆ ಬಂದ ಮೇಲೆ ಬಿಡಿಸಿ ಹೇಳಲಿಲ್ಲ. ಕೇಳದೆ ಹೇಳಿದರೆ ಕೇಳಿಸಿಕೊಂಡವಳ ಕಿವಿಯನ್ನು ಅನುಮಾನಿಸಿದ ಹಾಗೆ. ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಮಲಗಿದೆವು. ನನ್ನನ್ನು ಕರೆದಳೋ, ನಿನ್ನ ಆಟ ಸಾಕು ಎಂದಳೋ? ನಮ್ಮೂರಾಗಿದ್ದರೆ ನಾಳೆ ಹೋಗಿ ಇನ್ನೊಂದು ಸಲ ಕೇಳಿ ತೀರ್ಮಾನಿಸುತ್ತಿದ್ದೆ. ಈ ಊರಿನಲ್ಲಿ ಮಾತಿಗೆ ಎರಡನೆಯ ಸಲ ಎಂಬುದೇ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದಿಕ್ಕೆಟ್ಟಂತೆ ಎಂದೂ ಅನ್ನಿಸಿರಲಿಲ್ಲ.

ಬೆಳಗ್ಗೆ ಚೀಲ ತುಂಬಿಕೊಂಡೆ. ಊರಿನ ಬಸ್ಸಿಗೆ ಹೊತ್ತಿತ್ತು, ಬಸ್ ನಿಲ್ದಾಣದಲ್ಲೇ ಕೂತೆ. ಮಧ್ಯಾಹ್ನ ಕಳೆಯಿತು. ಸಂಜೆಯಾಗುತ್ತಿದ್ದಂತೆ ಕಾಲು ತಾನಾಗಿ ಎದ್ದಿತು. ನಮ್ಮಲ್ಲಿ ಮಾತು ಕೆಟ್ಟವರು ಮರುದಿನ ನಿನ್ನೆ ಕೇಳಲು ಹೋಗಲೇಬೇಕು, ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಏನೂ ಬರುವುದಿಲ್ಲ ಎಂದು ಗೊತ್ತಿದ್ದೂ ಸ್ಟುಡಿಯೋಗೆ ಹೋದೆ. ಬಾಗಿಲು ತಳ್ಳಿದರೆ, ಖಾಲಿ ಕೋಣೆಯ ಒಂದು ಮೂಲೆಯಲ್ಲಿ ಚಂಪಕಾ ಕೈಕಟ್ಟಿ ನಿಂತಿದ್ದಳು. ಅವಳೂ ಅದಕ್ಕೇ ಬಂದಿದ್ದಳು. ನಾನು ಇನ್ನೊಂದು ಮೂಲೆಗೆ ಹೋಗಿ ನಿಂತೆ. ಇಬ್ಬರೂ ಕಿವಿಗೊಟ್ಟು ಕಾದೆವು. ಮೆತ್ತೆ ಹೊಡೆದ ಗೋಡೆಗಳು ಸುಮ್ಮನಿದ್ದವು.

ಪ್ರಭಂಜನ ಗಾಜಿನ ಆಚೆ ಬಂದು ಲೈಟ್ ಹಾಕಿದರು. "ಇದೇನು, ಇಬ್ರೂ ಹೀಗ್ ನಿಂತಿದೀರಿ?"

"ನಿನ್ನೆಗೆ ಕಾಯ್ತಾ ಇದೀವಿ ಸಾರ್" ಎಂದೆ. ಇನ್ನು ಅವರಿಗೆ ಮುಚ್ಚಿಟ್ಟು ಆಗಬೇಕಾದ್ದೇನಿತ್ತು.

"ನಿನ್ನೇದಾ?" ಎಂದರು ಅವರು, ಏನೂ ವಿಶೇಷವಿಲ್ಲವೆಂಬ ಹಾಗೆ. "ಇದೆಯಲ್ಲ. ಹಾಕ್ಲಾ? ನೀವು ಹೋದ್ಮೇಲೆ ಇವ್ರೂ ಶಬ್ಬೀರೂ ಏನೋ ನುಡಿಸಿದ್ರು, ನಾನು ಮೈಕ್ ಆಫ್ ಮಾಡೋದೇ ಮರ್ತಿದ್ದೆ."

ಹಾಡು ಮುಗಿದ ಮೇಲೂ ಆ ಯಂತ್ರ ಕೇಳಿಸಿಕೊಳ್ಳುತ್ತಲೇ ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಾನು ಚಂಪಕಾಳನ್ನು ನೋಡಿದೆ. ಅವಳು ನೆಲ ನೋಡಿದಳು. ಹೋಗಿ ಡ್ರಮ್ಸಿನ ಹಿಂದೆ ಕೂತು ಹೆಡ್‌ಫೋನ್ ಹಾಕಿಕೊಂಡೆ. ಪ್ರಭಂಜನ ಏನೋ ಗುಂಡಿ ಒತ್ತಿದರು.

ನಿನ್ನೆ ಬಂತು.

ಮೊದಲು ಅವರದೇ ದನಿ, ಅದು ಕೆಟ್ಟರೆ ಎರಡನೆಯದು ಇರುವುದಿಲ್ಲ ಎಂಬುದು. ತಂತಿ ತಿರುವುವ ಸದ್ದು. ಆಮೇಲೆ ಚಂಪಕಾ: "ಸಾಕು." ನಾನು ಕಣ್ಣು ಮುಚ್ಚಿ ಕೇಳಿದೆ. ಎರಡನೆಯ ಸಲ ಕೇಳುವುದನ್ನು ನಮ್ಮೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಲ್ಲಿಸು ಎನ್ನುವವರ ಸಾಕು ಕೆಳಗೆ ಬಿದ್ದು ಮುಗಿಯುತ್ತದೆ, ಮೆಸ್ಸಿನಲ್ಲಿ ಸಾವಿರ ಸಲ ಕೇಳಿದ್ದೇನೆ. ಇದು ಕೆಳಗೆ ಬೀಳಲಿಲ್ಲ. ಕೊನೆಯಲ್ಲಿ ಚೂರು ಮೇಲೆದ್ದು ನಿಂತು, ಕಾಯಿತು. ಐಸ್ ಫ್ಯಾಕ್ಟರಿಯಲ್ಲಿ ದಿನವೂ ನನ್ನ ಕೋಲು ಎತ್ತಿಸಿದ ಸಾಕು ಅದು. ಪ್ರಭಂಜನರ ಮಾತಿಗೆ ಅವಳು ಕೊಟ್ಟ ಉತ್ತರವೇ ಅದಾಗಿತ್ತು. ಮುಂದಿನ ಹಾಡು ಶುರು ಮಾಡೋಣ ಬಾ ಎಂದು ಅವರ ಎದುರಿಗೇ ನನ್ನನ್ನು ಕರೆದಿದ್ದಳು. ನಾನು ಎದ್ದು ಹೋಗಿದ್ದೆ.

ಚಪ್ಪಲಿಯ ಸದ್ದು. ಬಾಗಿಲು. ಆಮೇಲೆ ಶಬ್ಬೀರ, "ಹೋದ್ಲಲ್ಲ."

"ಬರ್ತಾಳೆ" ಎಂದಳು ಚಂಪಕಾ. "ನೀನು ನುಡ್ಸು. ಅವಳ ಜಾಗ ಬಿಟ್ಟು ನುಡ್ಸು."

ಅವರಿಬ್ಬರೂ ಶುರು ಮಾಡಿದರು. 'ಐಸ್ ಫ್ಯಾಕ್ಟರಿ' ಎಂದು ಹೆಸರಿಟ್ಟು ನಾವು ಯಾವಾಗಲೂ ಕೊನೆಯಲ್ಲಿ ನುಡಿಸುವ ಹಾಡು. 'ಕರಗೋ ಮುಂಚೆ ಹೇಳಿ ಹೋಗು, ನೀರಾದ ಮೇಲೆ ಹೆಸರಿಲ್ಲ' ಎಂದು ಚಂಪಕಾ ಹಾಡಿದಳು, ಹಾಡಿ ನಿಂತಳು. ನಾನು ಬಾರಿಸಬೇಕಿದ್ದ ಕಡೆಯೆಲ್ಲ ಅವರು ಕೈ ತಡೆದಿದ್ದರು. ಎಷ್ಟು ಸರಿಯಾಗಿ ಬಿಟ್ಟಿದ್ದರೆಂದರೆ, ಒಂದು ಪೆಟ್ಟಿನ ಜಾಗವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನಿಲ್ಲದ ಆ ಹಾಡಿನಲ್ಲಿ ನಾನೇ ಎಲ್ಲರಿಗಿಂತ ಹೆಚ್ಚು ಕೇಳಿಸುತ್ತಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು, ಧಾರಾಳವಾಗಿ ಬಂತು.

"ಇನ್ನೊಂದ್ ಸಲ ಹಾಕಿ ಸಾರ್, 'ಸಾಕು' ಅನ್ನೋ ಕಡೆಯಿಂದ. ನನ್ನ ಮೈಕೂ ಹಾಕಿ" ಎಂದೆ.

"ಇನ್ನೊಂದ್ ಸಲ ಬರುತ್ತಾ ಸಾರ್?" ಎಂದು ಚಂಪಕಾ ಮೂಲೆಯಿಂದ ಕೇಳಿದಳು, ಅವಳಿಗೆ ನಂಬಿಕೆ ಇರಲಿಲ್ಲ. ಎಷ್ಟು ಸಲ ಬೇಕಾದರೂ ಬರುತ್ತದೆ ಎಂದರು ಅವರು. ನಮ್ಮೂರಿನಲ್ಲಿ ಹುಟ್ಟಿದ ಯಾರಿಗೂ ಸಿಗದ ಭಾಗ್ಯ ಈ ಮನುಷ್ಯನ ಕೈಯಲ್ಲಿ ಒಂದು ಗುಂಡಿಯಾಗಿತ್ತು, ಅವರಿಗೆ ಅದರ ಬೆಲೆಯೇ ಗೊತ್ತಿದ್ದಂತಿರಲಿಲ್ಲ.

ಮತ್ತೆ ಬಂತು. "ಸಾಕು" ಎಂದಳು ಚಂಪಕಾ, ಎಂದು ಕಾದಳು. ಆ ಕಾಯುವಿಕೆಯನ್ನು ನನ್ನಿಂದ ತಡೆಯಲಾಗಲಿಲ್ಲ. ಯಾವ ಹಿರಿಯರು ಏನೇ ಕಟ್ಟಳೆ ಮಾಡಿರಲಿ, ಕರೆದವಳು ಕರೆಯುತ್ತ ನಿಂತಿರುವಾಗ ಸುಮ್ಮನಿರುವುದು ಹೇಗೆ?

"ಬಂದೆ ಕಣೇ" ಎಂದೆ, ಬಾಯಿಬಿಟ್ಟು. ಕೋಲು ಎತ್ತಿದೆ.

ಅವರು ಬಿಟ್ಟ ಜಾಗದಲ್ಲೆಲ್ಲ ಬಾರಿಸಿದೆ. ಕೈಗೆ ಬುದ್ಧಿ ಹೇಳಬೇಕಾಗಲಿಲ್ಲ, ನಿನ್ನೆ ಇತ್ತಲ್ಲ, ಅದಕ್ಕೆ ದಾರಿ ಗೊತ್ತಿತ್ತು. ಹಾಡು ಮುಗಿದಾಗ ಪ್ರಭಂಜನ ಗಾಜಿನ ಆಚೆ ನಿಂತೇ ಇದ್ದರು. "ಅವತ್ತು ಮೈದಾನದಲ್ಲಿ ಕೇಳಿದ್ದು ಇದನ್ನೇ" ಎಂದರು. ಮರುದಿನ ಬರಬೇಕಿದ್ದ ಡ್ರಮ್ಮರಿಗೆ ಅಲ್ಲಿಂದಲೇ ಫೋನ್ ಮಾಡಿ, ಬರುವುದು ಬೇಡ ಎಂದು ಹೇಳಿದರು. ಚಂಪಕಾ ಬಂದು ನನ್ನ ತಲೆಯ ಮೇಲೊಂದು ಮೊಟಕಿ, ಹೆಡ್‌ಫೋನಿನ ಒಂದು ಬದಿಯನ್ನು ತನ್ನ ಕಿವಿಗೆ ಒತ್ತಿಕೊಂಡಳು. ಏನು ಹೇಳಿದೆ, ಏನು ಕೇಳಿಸಿಕೊಂಡೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಉಳಿದ ಹಾಡುಗಳನ್ನೂ ಹಾಗೇ ಮಾಡಿದೆವು. ಒಂದು ದಿನ ತೂತು ಹಾಡು, ಮರುದಿನ ಅದೇ ಹೊತ್ತಿಗೆ ಅದನ್ನು ಕಿವಿಗೆ ಹಾಕಿಕೊಂಡು ಇನ್ನೊಂದರ್ಧ. ಯಾವ ಹೊತ್ತಾದರೂ ಆಗುತ್ತದೆ ಎಂದು ಪ್ರಭಂಜನ ಎಷ್ಟೋ ಸಲ ಹೇಳಿದರು, ನಾವು ಒಪ್ಪಲಿಲ್ಲ. ಹೊತ್ತಿಗೆ ಮುಂಚೆ ಬಂದರೆ ಅದು ನಿನ್ನೆ ಹೇಗಾಗುತ್ತದೆ? ಕಾಫಿ ಕುಡಿಯುತ್ತ ಗಡಿಯಾರ ನೋಡುತ್ತ ಕೂರುವುದನ್ನು ಅವರೂ ಕಲಿತರು. ಆಲ್ಬಮ್ಮಿಗೆ 'ಸಾಕು' ಎಂದು ಹೆಸರಿಟ್ಟವರೂ ಅವರೇ. ಮೊದಲ ಆಲ್ಬಮ್ಮಿಗೆ ಈ ಹೆಸರು ಅಪಶಕುನ ಎಂದು ಕೆಲವರು ಅಂದರಂತೆ. ನಾನು ಹುಟ್ಟಿದಾಗಲೂ ಅಂದಿದ್ದರು.

ಅದು ಹೊರಬಂದು, ನಗರದ ಜನ ಮೆಚ್ಚಿ, ನಮ್ಮನ್ನು ಅಲ್ಲಿ ಇಲ್ಲಿ ಕರೆಯತೊಡಗಿದ್ದರು. ಊರಿನವರಿಗೆ ಕೇಳಿಸಬೇಕಲ್ಲ, ಒಂದು ಸಂಜೆ ಐಸ್ ಫ್ಯಾಕ್ಟರಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಇಡೀ ಆಲ್ಬಂ ಹಾಕಿದೆವು. ಊರು ಕಿಕ್ಕಿರಿದಿತ್ತು. ಅವ್ವ ಬರಲಿಲ್ಲ. ಮೆಸ್ಸಿನಲ್ಲಿ ಅಂದು ಯಾರೂ ಉಣ್ಣುವವರಿರಲಿಲ್ಲ, ಆದರೂ ಒಲೆ ಬಿಟ್ಟು ಬರಲಾಗದು ಎಂದಳು. ಕೊನೆಯ ಹಾಡು ಬಂತು. ಚಂಪಕಾಳ "ಸಾಕು", ಅದರ ಬೆನ್ನಿಗೆ ನನ್ನ "ಬಂದೆ ಕಣೇ." ಅದನ್ನು ತೆಗೆಯುವುದು ಬೇಡ ಎಂದು ನಾನೇ ಹಟ ಹಿಡಿದು ಉಳಿಸಿಕೊಂಡಿದ್ದೆ. ಜನರ ನಡುವೆ ಗುಸುಗುಸು ಎದ್ದಿತು. ಅವಳು ಕರೆದದ್ದು ನಿನ್ನೆ, ಇವಳು ಓಗೊಟ್ಟದ್ದು ಇವತ್ತು ಎಂಬುದು ಕೇಳಿದ ತಕ್ಷಣ ತಿಳಿಯದಷ್ಟು ದಡ್ಡರು ನಮ್ಮೂರಿನಲ್ಲಿಲ್ಲ. "ಕೊನೆಗೂ ಉತ್ತರ ಕೊಟ್ಲು ನೋಡಿ" ಎಂದು ಮುದ್ದಪ್ಪನವರು ಎದ್ದು ಹೋದರು. ಉಳಿದವರು ಪೂರ್ತಿ ಕೇಳಿ, ಚಪ್ಪಾಳೆ ತಟ್ಟಿ, ನನ್ನ ಮುಖ ನೋಡುವುದೋ ಬೇಡವೋ ಎಂದು ತಿಳಿಯದೆ ಹೋದರು.

ಮರುದಿನ ಅದೇ ಹೊತ್ತಿಗೆ ನಿನ್ನೆ ಬರುವುದಿತ್ತು. ಸ್ಪೀಕರ್ ಕಟ್ಟಿ ಕಳಿಸಿಯಾಗಿತ್ತು, ಫ್ಯಾಕ್ಟರಿ ಖಾಲಿ. ಕೇಳಲು ಮೊದಲ ದಿನಕ್ಕಿಂತ ಹೆಚ್ಚು ಜನ ಬಂದರು, ಮುದ್ದಪ್ಪನವರೂ ಬಂದು ಕಂಬಕ್ಕೆ ಒರಗಿ ನಿಂತರು. ಹಾಡುಗಳು ಗಾಳಿಯಲ್ಲೇ ಒಂದೊಂದಾಗಿ ಬಂದು ಹೋದವು. ಕೊನೆಯ ಹಾಡಿಗೆ ಮುಂಚೆ ಹಿಂದಿನ ಸಾಲಿನಲ್ಲಿ ಜನ ಸರಿದು ಜಾಗ ಬಿಡುವ ಸದ್ದಾಯಿತು. ಒಗ್ಗರಣೆಯ ವಾಸನೆ ಬಂತು. ತಿರುಗಿ ನೋಡಿದರೆ ಅವ್ವ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತಳು.

"ಸಾಕು" ಎಂದಿತು ಖಾಲಿ ಫ್ಯಾಕ್ಟರಿ, ಚಂಪಕಾಳ ದನಿಯಲ್ಲಿ.

ಅದರ ಹಿಂದೆಯೇ ನನ್ನ ಉತ್ತರ ಬರುವುದಿದೆ ಎಂದು ಅವ್ವನಿಗೆ ಗೊತ್ತಿರಲಿಲ್ಲ, ಅವಳು ಹಿಂದಿನ ದಿನ ಬಂದಿರಲಿಲ್ಲವಲ್ಲ. ಅವಳಿಗೆ ಕೇಳಿಸಿದ್ದು ಯಾರೋ ತನ್ನ ಮಗಳನ್ನು ಕರೆದು ಕಾಯುತ್ತಿರುವುದು ಅಷ್ಟೇ. ಮೊಣಕೈಯಿಂದ ನನ್ನನ್ನು ತಿವಿದಳು. "ಕರೀತಾ ಇದಾಳಲ್ಲೇ, ಓಗೊಡು" ಎಂದಳು. ಇಡೀ ಊರಿಗೆ ಕೇಳಿಸುವಷ್ಟು ದೊಡ್ಡದಾಗಿ, ಮೆಸ್ಸಿನ ದನಿಯಲ್ಲಿ.

"ಬಂದೆ ಕಣೇ" ಎಂದೆವು, ನಾನೂ ನನ್ನ ನಿನ್ನೆಯೂ ಒಟ್ಟಿಗೆ. ಡ್ರಮ್ಸ್ ಶುರುವಾಯಿತು. ಮುದ್ದಪ್ಪನವರು ಕಂಬ ಬಿಟ್ಟು ಕದಲಲಿಲ್ಲ.

ಮೂರನೆಯ ದಿನ ಅಲ್ಲಿ ಹಾಡು ಬರುವುದಿಲ್ಲ, ಅದು ಒಂದೇ ಸಲ. ಬರುವುದಿದ್ದರೆ ಅವ್ವನ ಒಂದು ಮಾತು, ನನ್ನ ಒಂದು ಮಾತು. ಕೇಳಿಸಿಕೊಳ್ಳಬೇಕೆಂದು ಹೊತ್ತಿಗೆ ಸ್ವಲ್ಪ ಮುಂಚೆಯೇ ಹೋದೆ. ಫ್ಯಾಕ್ಟರಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಫಿಯ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು, ಅವ್ವ ಆಗಲೇ ಬಂದು ಕೂತಿದ್ದಳು.